ಹ್ಯಾಂಡಲ್ ಹೊಡೆದವರು ಯಾರು?

ವಿಂಟೇಜ್ ಬದುಕು ಅಂತ ಒಂದಿದೆ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಅದನ್ನು ಬದುಕುವ ಗಂಡಸರು ಹೆಂಗಸರು ಇದ್ದಾರೆ. ಹುಟ್ಟಿದ್ದು ಮೊನ್ನೆ ಮೊನ್ನೆ. ತೊಡುವುದು ಮಾತ್ರ 1930ರ ಕೋಟು, ಹ್ಯಾಟು. ಕೇಳುವುದು ಚಾವಿ ಕೊಟ್ಟು ತಿರುಗಿಸುವ ಗ್ರಾಮಫೋನು. ಪೇಟೆಗೆ ಹೋಗುವುದು ಎರಡನೆಯ ಮಹಾಯುದ್ಧಕ್ಕೆ ಮುಂಚೆ ತಯಾರಾದ ಕಾರಿನಲ್ಲಿ. ಇದನ್ನು ವೇಷ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ವೇಷ ಅಲ್ಲ, ಇದು ನಮ್ಮ ಜೀವನಕ್ರಮ ಅನ್ನುತ್ತಾರೆ. ಆಗಲಿ. ಜೀವನಕ್ರಮ ಅಂದಮೇಲೆ ಅದಕ್ಕೊಂದು ನಿಲುವು ಇರಲೇಬೇಕು. ನಿಲುವು ಇದ್ದಮೇಲೆ ಒಂದು ಕಾದಂಬರಿಯನ್ನು ಓದಿದ ಹಾಗೆ ಅದನ್ನೂ ಓದಬಹುದು. ಇದು ಯಾರ ಪರ ಇದೆ, ಯಾರನ್ನು ಒಳಗೆ ಕೂರಿಸಿದೆ, ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿದೆ ಅಂತ ಕೇಳಬಹುದು.

ದೂರದ ದೇಶದವರ ಶೋಕಿ ನಮಗ್ಯಾಕೆ ಅನ್ನುವ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಹಿಂದಿನ ಕಾಲವನ್ನು ಪ್ರೀತಿಸುವುದು ಎಲ್ಲ ದೇಶದಲ್ಲೂ ಒಂದು ರಾಜಕೀಯ. ಆ ರಾಜಕೀಯ ನಮ್ಮ ಸಾಹಿತ್ಯದಲ್ಲೂ ಕಾಲು ಚಾಚಿ ಕೂತಿದೆ.

1

1934ರಲ್ಲಿ ಇಂಗ್ಲೆಂಡಿನಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿತು. 1930ರವರೆಗೆ ತಯಾರಾದದ್ದೇ ನಿಜವಾದ ಕಾರು, ಆಮೇಲೆ ಬಂದದ್ದರಲ್ಲಿ ಹೆಚ್ಚಿನದು ಕಾರ್ಖಾನೆ ರಾಶಿ ರಾಶಿ ಸುರಿದ ಸರಕು ಅನ್ನುವುದು ಅದನ್ನು ಕಟ್ಟಿದವರ ನಂಬಿಕೆ. ಲೆಕ್ಕ ಹಾಕಿ ನೋಡಿ. ನಡುವೆ ಇದ್ದದ್ದು ಬರೀ ನಾಲ್ಕು ವರ್ಷ. ಹಳಹಳಿಕೆ ಹುಟ್ಟುವುದಕ್ಕೆ ನೂರು ವರ್ಷ ಬೇಕಿಲ್ಲ, ನಾಲ್ಕು ವರ್ಷ ಸಾಕು. ಆ ಕ್ಲಬ್ಬು ಅಷ್ಟೇನೂ ಸಿರಿವಂತರಲ್ಲದವರಿಗಾಗಿ ಎಂದು ಹೇಳಿಕೊಂಡೇ ಶುರುವಾದದ್ದು ಅನ್ನುವುದನ್ನೂ ಮರೆಯಬಾರದು. ಆಗ ಹಳೆಯ ಕಾರು ಅಗ್ಗವಾಗಿ ಸಿಗುತ್ತಿತ್ತು. ಇವತ್ತು ಅಂಥ ಕಾರುಗಳಲ್ಲಿ ಹೆಸರಾಂತವು ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗುತ್ತವೆ.

ಈ ಜನರಲ್ಲಿ ಮೆಚ್ಚತಕ್ಕ ಸಂಗತಿ ಒಂದಿದೆ. ಯುದ್ಧಪೂರ್ವದ ಕಾರು ಓಡಿಸುವುದು ಸೋಮಾರಿಗಳ ಕೆಲಸ ಅಲ್ಲ. ಅದರ ಗೇರು ಸುಮ್ಮನೆ ಬೀಳುವುದಿಲ್ಲ. ಒಂದು ಗೇರಿಗೆ ಎರಡೆರಡು ಸಲ ಕ್ಲಚ್ ತುಳಿಯಬೇಕು, ಎಂಜಿನ್ನಿನ ದನಿಗೆ ಕಿವಿ ಕೊಟ್ಟು ಸರಿಯಾದ ಗಳಿಗೆ ಹಿಡಿಯಬೇಕು. ತಪ್ಪಿದರೆ ಹಲ್ಲಿಗೆ ಹಲ್ಲು ಕಚ್ಚಿ ಕಿರುಚುತ್ತದೆ. ಬಹಳಷ್ಟು ಕಾರುಗಳಲ್ಲಿ ಬ್ರೇಕು ಸರಳು ತಂತಿಗಳಲ್ಲಿ ನಡೆಯುವಂಥದ್ದು, ಇಳಿಜಾರು ಬರುವ ಮೊದಲೇ ಯೋಚನೆ ಮಾಡಬೇಕು. ಕೀಲು ಕೀಲಿಗೂ ಗ್ರೀಸು ಹೊಡೆಯಬೇಕು. ಕೆಟ್ಟರೆ ಎಸೆಯುವ ಹಾಗಿಲ್ಲ, ಬಿಚ್ಚಿ ರಿಪೇರಿ ಮಾಡಬೇಕು. ಎಸೆದು ಹೊಸದು ಕೊಳ್ಳಿ ಎಂದು ಬೆಳಗಾದರೆ ಕಿವಿಯಲ್ಲಿ ಊದುವ ಮಾರುಕಟ್ಟೆಯ ಎದುರು ಇದು ಸಣ್ಣ ಪ್ರತಿಭಟನೆಯೇ. ಇಷ್ಟು ಒಪ್ಪೋಣ.

ಆದರೆ ಕೈ ಕಪ್ಪು ಮಾಡಿಕೊಳ್ಳುವ ಈ ವಿದ್ಯೆ ಮೊದಲು ಯಾರದಾಗಿತ್ತು? 1930ರಲ್ಲಿ ದೊಡ್ಡ ಕಾರಿನ ಧಣಿ ಗ್ರೀಸು ಮುಟ್ಟುತ್ತಿರಲಿಲ್ಲ. ಅದಕ್ಕೆ ಷೋಫರ್ ಇದ್ದ. ಷೋಫರ್ ಅನ್ನುವ ಫ್ರೆಂಚ್ ಮಾತಿನ ಮೂಲ ಅರ್ಥ ಬೆಂಕಿ ಹಾಕಿ ಬಿಸಿ ಮಾಡುವವನು ಅಂತ. ಆ ಕಾಲದ ಕಾರು ಶುರುವಾಗಬೇಕಾದರೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಕ್ಯಾಡಿಲ್ಯಾಕ್ 1912ರಲ್ಲಿ ವಿದ್ಯುತ್ ಸ್ಟಾರ್ಟರ್ ತಂದ ಮೇಲೂ ಎಷ್ಟೋ ವರ್ಷ ಎಷ್ಟೋ ಗಾಡಿಗಳಿಗೆ ಹ್ಯಾಂಡಲ್ಲೇ ಗತಿ. ಎಂಜಿನ್ನು ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು. ಒದ್ದರೆ ಮುಂಗೈ ಮೂಳೆ ಮುರಿಯುತ್ತಿತ್ತು. ವೈದ್ಯರು ಆ ಮುರಿತಕ್ಕೆ ಇಟ್ಟ ಹೆಸರು ಇವತ್ತಿಗೂ ಪುಸ್ತಕದಲ್ಲಿದೆ: ಷೋಫರ್ ಫ್ರ್ಯಾಕ್ಚರ್. ಗಮನಿಸಿ ಸ್ವಾಮಿ, ಓನರ್ ಫ್ರ್ಯಾಕ್ಚರ್ ಅಲ್ಲ. ಕಾರಿಗೆ ಧಣಿಯ ಹೆಸರು, ಮುರಿದ ಮೂಳೆಗೆ ಚಾಲಕನ ಹೆಸರು.

ನಮ್ಮ ತಾತ ಲಾರಿ ಕ್ಲೀನರ್ ಆಗಿದ್ದವರು. ಚಳಿಗಾಲದ ಬೆಳಗ್ಗೆ ಹ್ಯಾಂಡಲ್ ಹೊಡೆಯುವುದು ಅವರ ಕೆಲಸ. ಒಂದು ಸಲ ಒದ್ದ ಹ್ಯಾಂಡಲ್ಲಿಗೆ ಬಲಗೈ ಮಣಿಕಟ್ಟು ವಾರೆಯಾಗಿ ಕೂತದ್ದು ಸಾಯುವ ತನಕ ನೆಟ್ಟಗಾಗಲಿಲ್ಲ. ತುತ್ತು ಎತ್ತುವಾಗ ಕೈ ಅಡ್ಡಡ್ಡ ಹೋಗುತ್ತಿತ್ತು. ಈಗ ವಿಂಟೇಜ್ ಮೇಳದಲ್ಲಿ ಒಬ್ಬಾತ ತೋಳು ಮಡಿಸಿ ಹ್ಯಾಂಡಲ್ ಹೊಡೆದರೆ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಕೆಲಸ ಅದೇ, ಹ್ಯಾಂಡಲ್ ಅದೇ. ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ದಿನಗೂಲಿ. ವ್ಯತ್ಯಾಸ ಎಲ್ಲಿದೆ? ಬಿಟ್ಟುಬಿಡುವ ಸ್ವಾತಂತ್ರ್ಯದಲ್ಲಿದೆ. ಮೇಳದವನು ಬೇಡ ಅನ್ನಿಸಿದ ದಿನ ಹ್ಯಾಂಡಲ್ ಕೆಳಗಿಟ್ಟು ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡುತ್ತಾನೆ. ಬಿಡಬಹುದಾದ ಕಷ್ಟಕ್ಕೆ ಹವ್ಯಾಸ ಅಂತ ಹೆಸರು. ಬಿಡಲಾಗದ ಕಷ್ಟಕ್ಕೆ ಕೂಲಿ ಅಂತ ಹೆಸರು. ವಿಂಟೇಜ್ ಬದುಕಿನ ಸೌಂದರ್ಯವೆಲ್ಲ ನಿಂತಿರುವುದು ಈ ವ್ಯತ್ಯಾಸವನ್ನು ಮರೆಸುವುದರ ಮೇಲೆ.

2

1953ರಲ್ಲಿ ಹೆನ್ರಿ ಕಾರ್ನೀಲಿಯಸ್ ತೆಗೆದ ‘ಜೆನೆವೀವ್’ ಚಿತ್ರ ಈ ಬದುಕಿಗೆ ಸ್ಥಳಪುರಾಣ ಇದ್ದ ಹಾಗೆ. ಲಂಡನ್ನಿನ ಅಲನ್ ಮೆಕಿಮ್ ಯುವ ಬ್ಯಾರಿಸ್ಟರ್. ಅವನಲ್ಲಿ 1904ರ ಡರಾಕ್ ಕಾರಿದೆ. ಅದರ ಹೆಸರೇ ಜೆನೆವೀವ್. ಹೆಂಡತಿ ವೆಂಡಿಗೆ ಈ ಕಾರು ಅಂದರೆ ಸವತಿ ಇದ್ದ ಹಾಗೆ. ಗೆಳೆಯ ಆ್ಯಂಬ್ರೋಸನ ಹತ್ತಿರ 1905ರ ಸ್ಪೈಕರ್. ಲಂಡನ್ನಿನಿಂದ ಬ್ರೈಟನ್ನಿಗೆ ವರ್ಷಕ್ಕೊಮ್ಮೆ ನಡೆಯುವ ಹಳೆಯ ಕಾರುಗಳ ಓಟಕ್ಕೆ ಇಬ್ಬರೂ ಹೋಗುತ್ತಾರೆ. ಅಲ್ಲಿ ಜಗಳ ಹತ್ತಿ, ಹಿಂದಿರುಗುವಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ನೂರು ಪೌಂಡು ಎಂದು ಪಂಥ ಕಟ್ಟುತ್ತಾರೆ. ಕೊನೆಗೆ ಸ್ಪೈಕರಿನ ಚಕ್ರ ಟ್ರ್ಯಾಂ ಹಳಿಗೆ ಸಿಕ್ಕಿ ಬೇರೆ ದಾರಿಗೆ ಹೋಗುತ್ತದೆ. ಬ್ರೇಕು ಹಿಡಿಯದ ಜೆನೆವೀವ್ ತಾನೇ ಉರುಳಿಕೊಂಡು ಸೇತುವೆ ಸೇರುತ್ತದೆ.

ನಗಿಸುವ ಚಿತ್ರ. ಅದರಲ್ಲಿ ಒಂದು ಒಳ್ಳೆಯ ಗಳಿಗೆಯೂ ಇದೆ. ಪಂಥದ ಕೊನೆ ಹತ್ತಿರವಾದಾಗ ಒಬ್ಬ ಮುದುಕ ಕಾರು ತಡೆದು ಮಾತಿಗೆ ನಿಲ್ಲುತ್ತಾನೆ. ಮದುವೆಗೆ ಮುಂಚೆ ತನ್ನ ಹುಡುಗಿಯನ್ನು ಇಂಥದೇ ಡರಾಕಿನಲ್ಲಿ ಕೂರಿಸಿಕೊಂಡು ಸುತ್ತಿದ್ದವನು ಆತ. ಅಲನ್ ಪಂಥ ಸೋತರೂ ಸರಿ ಅಂತ ಮುದುಕನ ಮಾತು ಕೇಳುತ್ತಾನೆ. ಹಳೆಯ ವಸ್ತುವಿನ ಮೇಲಿನ ಪ್ರೀತಿ ಹಳೆಯ ಮನುಷ್ಯನ ಮೇಲಿನ ಗೌರವವಾಗುವುದು ಇಲ್ಲಿ ಮಾತ್ರ. ಚಿತ್ರದ ಆಚೆ ನಡೆದದ್ದು ಬೇರೆ. ಅದಕ್ಕೆ ಮೌತ್ ಆರ್ಗನ್ ನುಡಿಸಿ ಸಂಗೀತ ಕೊಟ್ಟ ಲ್ಯಾರಿ ಆ್ಯಡ್ಲರ್ ಕಮ್ಯುನಿಸ್ಟರ ಕಡೆಯವನೆಂಬ ಆರೋಪದಲ್ಲಿ ಅಮೆರಿಕದ ಕಪ್ಪುಪಟ್ಟಿ ಸೇರಿದ್ದ. ಅಮೆರಿಕಕ್ಕೆ ಹೋದ ಪ್ರತಿಗಳಲ್ಲಿ ಅವನ ಹೆಸರನ್ನೇ ಕಿತ್ತರು. ಸಂಗೀತಕ್ಕೆ ಸಿಕ್ಕ ಆಸ್ಕರ್ ಸೂಚನೆ ಮ್ಯೂರ್ ಮ್ಯಾಥಿಸನ್ ಹೆಸರಿಗೆ ಹೋಯಿತು. ಕಾರಿಗೊಂದು ಹೆಸರಿತ್ತು, ನುಡಿಸಿದವನಿಗೆ ಇರಲಿಲ್ಲ.

ಆ ಬ್ರೈಟನ್ ಓಟದ ಮೂಲ ಹೆಸರು ಕೇಳಿ: ವಿಮೋಚನಾ ಓಟ. 1865ರ ಕಾನೂನಿನ ಪ್ರಕಾರ ಎಂಜಿನ್ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1878ರಲ್ಲಿ ಬಾವುಟದ ಕಡ್ಡಾಯ ತಪ್ಪಿತು, ನಡೆಯುವ ಮನುಷ್ಯ ಉಳಿದ. 1896ರಲ್ಲಿ ಅವನನ್ನೂ ತೆಗೆದು, ಗಂಟೆಗೆ 4 ಮೈಲಿ ಇದ್ದ ವೇಗವನ್ನು 14 ಮೈಲಿಗೆ ಏರಿಸಿದರು. ಆ ಸಂತೋಷಕ್ಕೆ ನವೆಂಬರ್ 14ರಂದು ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಒಬ್ಬ ಪ್ರಭು ಕೆಂಪು ಬಾವುಟ ಹರಿದ. ಕಾರುಗಳು ಹೊರಟವು. ನಾಲ್ಕು ಮೈಲಿ ಹದಿನಾಲ್ಕು ಮೈಲಿಯಾದರೆ ವಿಮೋಚನೆ! ಎಷ್ಟು ಸಲೀಸು ನೋಡಿ. ಬಾವುಟ ಹರಿದ ಪ್ರಭುವಿನ ಹೆಸರು ಚರಿತ್ರೆಯಲ್ಲಿದೆ. ಬಾವುಟ ಹಿಡಿದು ಧೂಳಿನಲ್ಲಿ ನಡೆದವನ ಹೆಸರು ಎಲ್ಲಿದೆ?

ಜೆನೆವೀವ್ ಚಿತ್ರದ ನಾಯಕ ಬ್ಯಾರಿಸ್ಟರ್ ಅಂದೆನಲ್ಲ. ಇನ್ನೊಬ್ಬ ಬ್ಯಾರಿಸ್ಟರ್ ನೆನಪಾಗುತ್ತಾರೆ. ಅವರೂ ಲಂಡನ್ನಿನಲ್ಲಿ ಓದಿದವರೇ. 1929, ಮಹಾರಾಷ್ಟ್ರದ ಚಾಳಿಸಗಾಂವ್. ವಿಂಟೇಜ್ ಜನರಿಗೆ 1929 ಅಂದರೆ ಬಂಗಾರದ ವರ್ಷ. ಆ ವರ್ಷ ಫ್ರಾನ್ಸಿನ ಲ ಮಾನ್ಸ್ ಓಟದಲ್ಲಿ ಮೊದಲ ನಾಲ್ಕು ಸ್ಥಾನವೂ ಬೆಂಟ್ಲಿ ಕಾರುಗಳಿಗೇ ಬಂದವು. ಅದೇ ವರ್ಷ ಚಾಳಿಸಗಾಂವ್ ಸ್ಟೇಷನ್ನಿನಲ್ಲಿ ಇಳಿದ ಬಾಬಾಸಾಹೇಬ ಅಂಬೇಡ್ಕರರನ್ನು ಕೂರಿಸಿಕೊಂಡು ಹೋಗಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಅಸ್ಪೃಶ್ಯನಿಗೆ ಟಾಂಗಾ ಹೊಡೆದರೆ ತನ್ನ ಮರ್ಯಾದೆ ಹೋಗುತ್ತದೆ ಅಂತ ಅವನ ಲೆಕ್ಕ. ಗಾಡಿ ಬಾಡಿಗೆಗೆ ಕೊಡುತ್ತೇನೆ, ಹೊಡೆಯುವುದಿಲ್ಲ ಅಂದ. ಟಾಂಗಾ ಹೊಡೆದು ಗೊತ್ತಿಲ್ಲದ ಮಹಾರವಾಡದ ಒಬ್ಬಾತ ಹಗ್ಗ ಹಿಡಿದ. ಮೋರಿಯ ಕಲ್ಲುಗಳ ಸಂದಿಗೆ ಚಕ್ರ ಸಿಕ್ಕಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕಾಲು ಮುರಿಯಿತು. ಇದನ್ನು ಅವರೇ ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ.

ಒಬ್ಬ ಬ್ಯಾರಿಸ್ಟರಿಗೆ ಸೇತುವೆಯ ಹತ್ತಿರ ಬ್ರೇಕು ಹಿಡಿಯದಿದ್ದರೆ ಅದು ಹಾಸ್ಯ. ಇನ್ನೊಬ್ಬ ಬ್ಯಾರಿಸ್ಟರಿಗೆ ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡರೆ ಅದು ಜಾತಿ. ಹಳೆಯ ಕಾಲ ಅನ್ನುವುದು ಒಂದೇ ಅಲ್ಲ ಗೆಳೆಯರೇ. ಒಂದೇ ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಕಾಲಗಳು ಇರುತ್ತವೆ.

3

ಅಮೆರಿಕಕ್ಕೆ ಬರೋಣ. ಯುದ್ಧಪೂರ್ವದ ಅಮೆರಿಕದ ಕಾರು ಅಂದರೆ ಉದ್ದ ರಸ್ತೆ, ಬೀಸುವ ಗಾಳಿ, ಎಲ್ಲಿ ಬೇಕಾದರೂ ಹೋಗುವ ಬಿಡುಗಡೆ ಅಂತ ನಮಗೆ ಸಿನಿಮಾಗಳು ಕಲಿಸಿವೆ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಜನ ಅದನ್ನು ಗ್ರೀನ್ ಬುಕ್ ಅಂತ ಕರೆದರು. ಕರಿಯ ಜನ ಕಾರಿನಲ್ಲಿ ಹೊರಟರೆ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಮಲಗಲು ಜಾಗ ಕೊಡುತ್ತಾರೆ, ಎಲ್ಲಿ ರಿಪೇರಿ ಮಾಡುತ್ತಾರೆ ಅನ್ನುವ ಪಟ್ಟಿ ಅದು. ಅದು 1960ರ ದಶಕದವರೆಗೂ ಅಚ್ಚಾಗುತ್ತಿತ್ತು. ಪಟ್ಟಿ ಯಾಕೆ ಬೇಕಾಯಿತು? ಕತ್ತಲಾದ ಮೇಲೆ ಕರಿಯರು ಊರೊಳಗೆ ಇರಬಾರದು ಎನ್ನುವ ಪಟ್ಟಣಗಳು ಇದ್ದವು. ದುಡ್ಡು ಕೊಟ್ಟರೂ ಬಾಗಿಲು ತೆರೆಯದ ಹೋಟೆಲುಗಳು ಇದ್ದವು. ಸ್ವಂತ ದುಡಿಮೆಯಲ್ಲಿ ಒಳ್ಳೆಯ ಕಾರು ಕೊಂಡ ಕರಿಯ ಮನುಷ್ಯ ಷೋಫರ್ ಟೋಪಿ ಒಂದನ್ನು ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದೂ ಉಂಟು. ಪೊಲೀಸು ತಡೆದರೆ, ಇದು ನನ್ನದಲ್ಲ, ನನ್ನ ಧಣಿಯ ಕಾರು ಅಂತ ಹೇಳುವುದಕ್ಕೆ. ತನ್ನದನ್ನು ತನ್ನದಲ್ಲ ಅಂದರೆ ಮಾತ್ರ ಪ್ರಾಣ ಉಳಿಯುವ ಕಾಲ. ಅಂಥದೇ ಟೋಪಿಯನ್ನು ಇವತ್ತು ವಿಂಟೇಜ್ ಉಡುಪಿನ ಅಂಗಡಿಯಲ್ಲಿ ಅಲಂಕಾರಕ್ಕೆ ಕೊಳ್ಳಬಹುದು.

ಆ ಜನರೊಳಗೇ ಈ ಪ್ರಶ್ನೆ ಎದ್ದಿದೆ ಅನ್ನುವುದನ್ನೂ ಹೇಳಬೇಕು. ನ್ಯೂಯಾರ್ಕಿನ ಜಾಝ್ ತಂಡದ ನಾಯಕ, ಕರಿಯ ಕಲಾವಿದ ಡ್ಯಾಂಡಿ ವೆಲಿಂಗ್ಟನ್ ಒಂದು ಘೋಷಣೆಯನ್ನು ಜನಪ್ರಿಯ ಮಾಡಿದ್ದಾನೆ. ಹಳೆಯ ಶೈಲಿ ಬೇಕು, ಹಳೆಯ ಮೌಲ್ಯ ಬೇಡ ಅನ್ನುವುದು ಅದರ ತಾತ್ಪರ್ಯ. ಒಳ್ಳೆಯ ಮಾತು. ಆ ಸಂಗೀತವನ್ನು ಹುಟ್ಟಿಸಿದವರೇ ಅವನ ಹಿರೀಕರು. ಅವನು ಆ ಕೋಟು ತೊಟ್ಟರೆ ಅದು ಕಿತ್ತುಕೊಂಡಿದ್ದನ್ನು ವಾಪಸು ತೆಗೆದುಕೊಂಡ ಹಾಗೆ. ಅದಕ್ಕೆ ಅವನಿಗೆ ಪೂರ್ತಿ ಹಕ್ಕಿದೆ. ಆದರೆ ಅದೇ ಘೋಷಣೆ ಧಣಿಯ ಮೊಮ್ಮಗನ ಬಾಯಲ್ಲಿ ಬಂದಾಗ ಅಷ್ಟಕ್ಕೇ ಬಿಡಲಾಗದು. ಮೌಲ್ಯ ಬೇಡ ಅಂದರೆ ಸಾಲದು. ಆ ಮೌಲ್ಯ ಕೂಡಿಹಾಕಿದ ಆಸ್ತಿ? ಶೈಲಿ ಅನ್ನುವುದು ಗಾಳಿಯಲ್ಲಿ ಬೆಳೆಯುವುದಿಲ್ಲ. ಇಸ್ತ್ರಿ ಮಾಡಿದ ಕೈ, ಬೂಟು ಉಜ್ಜಿದ ಕೈ, ಹ್ಯಾಂಡಲ್ ಹೊಡೆದ ಕೈ, ಇವುಗಳ ಮೇಲೆ ಬೆಳೆಯುತ್ತದೆ. ಕೈಗಳನ್ನು ಅಳಿಸಿ ಮಡಿಕೆ ಮಾತ್ರ ಉಳಿಸಿಕೊಳ್ಳುತ್ತೇನೆ ಅಂದರೆ ಹೇಗೆ?

4

ಹಾಗಾದರೆ ಹಳೆಯ ಕಾರಿನ ಮೇಲೆ ನಿಜವಾದ ಪ್ರೀತಿ ಸಾಧ್ಯವೇ ಇಲ್ಲವಾ? ಇದೆ. ಅದನ್ನು ತೋರಿಸಿದವನು ಋತ್ವಿಕ್ ಘಟಕ್. ಸುಬೋಧ್ ಘೋಷರ ಕಥೆಯಿಂದ ತೆಗೆದ ‘ಅಜಾಂತ್ರಿಕ್’ 1958ರಲ್ಲಿ ಬಂತು. ನಮ್ಮ ಭಾಷೆಯಲ್ಲಿ ಅದು ಅಯಾಂತ್ರಿಕ. ಯಂತ್ರವಲ್ಲದ್ದು ಅಂತ. ಅಂದಿನ ಬಿಹಾರದ, ಇಂದಿನ ಜಾರ್ಖಂಡಿನ ಸಣ್ಣ ಪಟ್ಟಣ. ಬಿಮಲ್ ಅಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಆ ಪಾತ್ರ ಮಾಡಿದವನು ಕಾಳಿ ಬ್ಯಾನರ್ಜಿ. ಕಾರು 1920ರ ಷೆವ್ರೊಲೆ. ಬಿಮಲ್ ಅದನ್ನು ಜಗದ್ದಲ್ ಅಂತ ಕರೆಯುತ್ತಾನೆ. ಅಲುಗದ ಬಂಡೆ ಅಂತ ಅರ್ಥ ಬರುವ ಮಾತು. ಊರಿನವರು ನಗುತ್ತಾರೆ. ಅವನಿಗೆ ಹೆಂಡತಿ ಮಕ್ಕಳು ಇಲ್ಲ. ಕಾರಿನ ಜೊತೆಗೇ ಮಾತು, ಕಾರಿನ ಜೊತೆಗೇ ಮುನಿಸು. ರೇಡಿಯೇಟರಿಗೆ ನೀರು ಹೊಯ್ದರೆ ಬಾಯಾರಿದ ಜೀವ ಗಟಗಟ ಕುಡಿದ ಸದ್ದು ಕೇಳಿಸುತ್ತದೆ. ದೀಪಗಳು ಕಣ್ಣಿನ ಹಾಗೆ ಹೊರಳುತ್ತವೆ.

ಜೆನೆವೀವ್ ಮತ್ತು ಜಗದ್ದಲ್, ಎರಡೂ ಹೆಸರಿಟ್ಟ ಕಾರುಗಳು. ಎರಡೂ ಅದೇ ಒಂದು ದಶಕದಲ್ಲಿ ಪರದೆಗೆ ಬಂದವು. ಆದರೆ ಅಲನ್‌ಗೆ ಜೆನೆವೀವ್ ರಜೆಯ ದಿನದ ಸಂಗಾತಿ. ಸೋಮವಾರ ಅವನು ಕೋರ್ಟಿಗೆ ಹೋಗುತ್ತಾನೆ. ಬಿಮಲ್‌ನಿಗೆ ಸೋಮವಾರವೂ ಜಗದ್ದಲ್, ಮಂಗಳವಾರವೂ ಜಗದ್ದಲ್. ಕಾರು ನಿಂತರೆ ಒಲೆ ನಿಲ್ಲುತ್ತದೆ. ಅವನು ಅದನ್ನು ಹಳೆಯದು ಅಂತ ಪ್ರೀತಿಸುತ್ತಿಲ್ಲ. ಜೊತೆಗೆ ದುಡಿದದ್ದು ಅಂತ ಪ್ರೀತಿಸುತ್ತಾನೆ. ರೈತನಿಗೆ ಮುದಿ ಎತ್ತಿನ ಮೇಲೆ ಇರುವಂಥ ಪ್ರೀತಿ ಅದು. ಕೂಡಿಟ್ಟ ದುಡ್ಡನ್ನೆಲ್ಲ ಬಿಡಿಭಾಗಕ್ಕೆ ಸುರಿದರೂ ಜಗದ್ದಲ್ ಏಳುವುದಿಲ್ಲ. ಗುಜರಿಯವನು ಬರುತ್ತಾನೆ. ಬಿಚ್ಚಿದ ತಗಡು ಗಾಡಿಯ ಮೇಲೆ ಹೋಗುತ್ತದೆ. ಕೊನೆಗೆ ಉಳಿದದ್ದು ಹಾರನ್ ಮಾತ್ರ. ಒಂದು ಪುಟ್ಟ ಮಗು ಅದನ್ನು ಒತ್ತಿ ಒತ್ತಿ ಸದ್ದು ಮಾಡುತ್ತದೆ. ಬಿಮಲ್ ಅಳುತ್ತಲೇ ನಗುತ್ತಾನೆ. ನನ್ನ ಮಟ್ಟಿಗೆ ಹಳೆಯ ಕಾರಿನ ಬಗ್ಗೆ ಇದಕ್ಕಿಂತ ದೊಡ್ಡ ಕೃತಿ ಇಲ್ಲ. ಯಾಕೆಂದರೆ ಇಲ್ಲಿ ವಸ್ತುವಿನ ಮುದಿತನ ಮತ್ತು ಮನುಷ್ಯನ ಬಡತನ ಒಂದೇ ಚೌಕಟ್ಟಿನಲ್ಲಿವೆ. ಒಂದನ್ನು ಕತ್ತರಿಸಿ ಇನ್ನೊಂದನ್ನು ನೋಡಲು ಘಟಕ್ ಬಿಡುವುದಿಲ್ಲ.

5

ಇನ್ನು ನಮ್ಮ ಸರ್ಕಾರ ಬರೆದ ವಿಮರ್ಶೆ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿ ವಿಂಟೇಜ್. ಅದಕ್ಕೆ ವಿಎ ಅಕ್ಷರಗಳ ಬೇರೆ ನಂಬರು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ಅದೇ 2021ರಲ್ಲೇ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯೂ ಬಂತು. ಬಾಡಿಗೆ ದುಡಿಯುವ ಗಾಡಿ 15 ವರ್ಷ ದಾಟಿ ಪರೀಕ್ಷೆಯಲ್ಲಿ ನಪಾಸಾದರೆ ಅದರ ಆಯಸ್ಸು ಮುಗಿಯಿತು. ಹೊಗೆ ಕಡಿಮೆಯಾಗಬೇಕು, ನಿಜ. ಆ ಹೊಗೆ ಕುಡಿಯುವವರೂ ರಸ್ತೆ ಬದಿಯ ನಮ್ಮ ಜನರೇ. ನನ್ನ ಪ್ರಶ್ನೆ ಬೇರೆ. ವಿಂಟೇಜ್ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ ಅನ್ನುತ್ತದೆ ನಿಯಮ. ಅಂದರೆ ಬಿಮಲ್ ಇವತ್ತು ಜಗದ್ದಲ್ಲನ್ನು ತೆಗೆದುಕೊಂಡು ಬಂದರೆ ಅದು ವಿಂಟೇಜ್ ಆಗುವುದಿಲ್ಲ, ಯಾಕೆಂದರೆ ಅದು ದುಡಿಯುತ್ತದೆ. ದುಡಿದರೆ ಗುಜರಿ, ದುಡಿಯದೆ ಕೂತರೆ ಪರಂಪರೆ. ಇದು ಗಾಡಿಗಳಿಗೆ ಮಾತ್ರ ಅನ್ವಯಿಸುವ ನಿಯಮ ಅಂತ ಯಾರಾದರೂ ತಿಳಿದಿದ್ದರೆ ಅವರು ನಮ್ಮ ಊರುಗಳನ್ನು ನೋಡಿಲ್ಲ.

2024ರಲ್ಲಿ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ 1934ರ ಬುಗಾಟಿ ಟೈಪ್ 59 ಕಾರಿಗೆ ಮೊದಲ ಬಹುಮಾನ ಬಂತು. ಹೊಸ ಬಣ್ಣ ಬಳಿಯದೆ, ಇದ್ದ ಹಾಗೇ ಕಾಪಾಡಿದ ಕಾರಿಗೆ ಅಲ್ಲಿ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಸವೆದ ಬಣ್ಣ, ಗೀರು, ಕಲೆ, ಎಲ್ಲವೂ ಇತಿಹಾಸ ಅಂತ ತೀರ್ಪುಗಾರರು ಒಪ್ಪಿದರು. ಒಳ್ಳೆಯದೇ. ಆದರೆ ಆ ಕಾರು ಹಿಂದೆ ಇದ್ದದ್ದು ಬೆಲ್ಜಿಯಂನ ದೊರೆ ಮೂರನೆಯ ಲಿಯೊಪೋಲ್ಡನ ಬಳಿ. ಅವನ ತಾತನ ಅಣ್ಣ ಎರಡನೆಯ ಲಿಯೊಪೋಲ್ಡ್ 1885ರಿಂದ 1908ರವರೆಗೆ ಕಾಂಗೊ ದೇಶವನ್ನು ಸ್ವಂತ ಆಸ್ತಿಯಾಗಿ ಇಟ್ಟುಕೊಂಡಿದ್ದವನು. ಜಗತ್ತಿನ ಟೈರುಗಳು ಕೇಳಿದ ರಬ್ಬರನ್ನು ಅಲ್ಲಿಯ ಜನರಿಂದ ಚಾವಟಿಯಲ್ಲಿ ಹಿಂಡಿದರು. ಆ ಆಡಳಿತದಲ್ಲಿ ಕೈ ಕತ್ತರಿಸಲ್ಪಟ್ಟವರ ಫೋಟೋಗಳು ಇವತ್ತಿಗೂ ಇವೆ. ಬುಗಾಟಿಯ ಗೀರು ಇತಿಹಾಸವಾದರೆ ಆ ಮೊಂಡುಗೈ ಏನು?

ಹಳೆಯ ಕಾರುಗಳನ್ನು ಸುಟ್ಟುಹಾಕಿ ಅಂತ ನಾನು ಹೇಳುತ್ತಿಲ್ಲ. ವಸ್ತುವಿನ ಮೇಲೆ ನನಗೆ ದ್ವೇಷ ಇಲ್ಲ. ಒಳ್ಳೆಯ ಕೆಲಸಗಾರ ಕಡೆದ ಗೇರಿನ ಹಲ್ಲು ಒಳ್ಳೆಯ ಪದ್ಯದಷ್ಟೇ ಸುಂದರ. ಓಡಿಸಲಿ, ರಿಪೇರಿ ಮಾಡಲಿ, ಮಕ್ಕಳಿಗೆ ಕಲಿಸಲಿ. ಆದರೆ ಪ್ರದರ್ಶನದಲ್ಲಿ ಕಾರಿನ ಮುಂದೆ ಇಡುವ ಫಲಕದಲ್ಲಿ ಇಸವಿ, ಕುದುರೆಶಕ್ತಿ, ಧಣಿಯ ಹೆಸರು ಇದ್ದರೆ ಸಾಲದು. ಅದನ್ನು ಓಡಿಸಿದ್ದು ಯಾರು, ತೊಳೆದದ್ದು ಯಾರು, ಅದರಲ್ಲಿ ಕೂರಲು ಯಾರಿಗೆ ಬಿಡಲಿಲ್ಲ, ಅದರ ಟೈರಿನ ರಬ್ಬರು ಯಾವ ಕಾಡಿನದು, ಇವೂ ಬರಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಲಿ. ಆ ಖಾಲಿ ಗೆರೆಯೂ ಒಂದು ಇತಿಹಾಸವೇ.

ಇದೇ ಮಾತು ನಮ್ಮ ಬರಹಗಾರರಿಗೂ. ಹಳೆಯ ಮನೆ, ಹಳೆಯ ಪಡಸಾಲೆ, ಅಜ್ಜಿಯ ಕೈರುಚಿ, ಮಾಯವಾದ ಹಳ್ಳಿ ಅಂತ ಪುಟಗಟ್ಟಲೆ ಹಳಹಳಿಸುವವರು ಆ ಪಡಸಾಲೆಯನ್ನು ದಾಟಲಾಗದೆ ಅಂಗಳದಲ್ಲೇ ನಿಂತವರನ್ನು ಯಾಕೆ ನೆನೆಯುವುದಿಲ್ಲ? ಹಿಂದಿನ ಕಾಲಕ್ಕೆ ವಾಪಸು ಹೋಗಬೇಕು ಅಂತ ಆಸೆಪಡುವವನು ತಾನು ಅಲ್ಲಿ ಧಣಿಯಾಗಿಯೇ ಇರುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾನೆ. ನಮಗೆ ಆ ಭರವಸೆ ಇಲ್ಲ. ದಲಿತ ಮದುಮಗ ಕುದುರೆ ಏರಿದ ಅಂತ ಮೆರವಣಿಗೆ ತಡೆದ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತದೆ. ಚಾಳಿಸಗಾಂವ್‌ನ ಟಾಂಗಾ ಇನ್ನೂ ಮ್ಯೂಸಿಯಂ ಸೇರಿಲ್ಲ. ಅದು ರಸ್ತೆಯಲ್ಲೇ ಇದೆ.